ವರ್ಷಾ ಬರೋ ಅಧಿಕ ಮಾಸ

(ಅಥಣಿ. ಚಪ್ಪಲಿ ಮಾಡುವ ಮನೆಯ ಪಡಸಾಲೆ. ಕಾಕಾ ತೊಗಲಿನ ಎಳೆ ಹೆಣೆಯುತ್ತಿದ್ದಾರೆ. ಪುಣೆಯಿಂದ ಬಂದ ಅಣ್ಣನ ಮಗ ಲ್ಯಾಪ್‌ಟಾಪ್ ಮುಂದೆ.)

ಕಾಕಾ: ಮೂರು ತಾಸಾತಲ್ಲೋ, ಏನ್ ಲೆಕ್ಕ ಅದು?

ಹುಡುಗ: ನಿಮ್ಮ ಫೋನ್ ರಿಚಾರ್ಜಿಂದು ಕಾಕಾ. ಎಕ್ಸೆಲ್ ಶೀಟಿನ್ಯಾಗ ಹಾಕೀನಿ. ವರ್ಷಕ್ಕ ಎಷ್ಟು ಸಲ ಮಾಡಸ್ತೀರಿ?

ಕಾಕಾ: ತಿಂಗಳಿಗೊಮ್ಮೆ. ಹನ್ನೆರಡು.

ಹುಡುಗ: 13 ರೀ! ಪ್ಯಾಕಿಗೆ 28 ದಿನ. ಹದಿಮೂರು ಸಲ ಹಾಕಿಸಿದ್ರೂ 364 ಆಗತೈತಿ.

ಕಾಕಾ: ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬರತೈತಿ. ಈ ಫೋನ್ ಕಂಪನಿಯವರಿಗೆ ವರ್ಷಾ ಬರತೈತೇನು? ಅಧಿಕ ಮಾಸದಾಗ ಅಳಿಯಗ 33 ಅನಾರಸ ಕೊಟ್ರ ಮತ್ತ ಮೂರು ವರ್ಷ ಸುಮ್ಮನಿರತಾನ. ಕಂಪನಿ ಅಳಿಯಗಿಂತ ಜಬರ್ ಐತಿ!

ಹುಡುಗ: ಅದಕ್ಕ 2022ರಾಗ ಫೋನ್ ಕಂಪನಿಗಳ ಮ್ಯಾಲ ನಿಗಾ ಇಡೋ ಟ್ರಾಯ್ ಹುಕುಂ ಮಾಡೇತಿ. 30 ದಿನದ್ದೊಂದು, ತಿಂಗಳಾ ಅದೇ ತಾರೀಖಿಗೆ ಬರೋದೊಂದು ಪ್ಲಾನ್ ಎಲ್ಲಾ ಕಂಪನಿಯವರೂ ಇಡಬೇಕಂತ.

ಕಾಕಾ: ರಿಚಾರ್ಜ್ ಅಂಗಡ್ಯಾಂವ ಹೇಳಲೇ ಇಲ್ಲ!

ಹುಡುಗ: ನೀವು ಕೇಳಲಿಲ್ಲ. ಇನ್ನೊಂದು: ದಿನಕ್ಕ 2 ಜಿಬಿ ಬರತೈತಿ, ನೀವು ಬಳಸೋದು ಅರ್ಧ ಜಿಬಿ. ಉಳಿದದ್ದು ರಾತ್ರಿ 12ಕ್ಕ ಖಲಾಸ್. 28 ದಿನಕ್ಕ 42 ಜಿಬಿ ನೀರಪಾಲು!

ಕಾಕಾ: ತೊಗಲಿನ ತುಂಡು ಉಳದ್ರ ಕೂಸಿನ ಚಪ್ಪಲಿ ಮಾಡ್ತೀವಿ. ಇದನ್ನ ಉಳಸಾಕ ದಾರಿ ಏನು?

ಹುಡುಗ: ಅದನ್ನ ಇನ್ನೊಂದು ಶೀಟಿನ್ಯಾಗ... ಅಯ್ಯ, ತೆರೀವಲ್ದು. ನನ್ನ ಇವತ್ತಿನ ನೆಟ್ ಮುಗೀತು. ಕಾಕಾ, ನಿಮ್ಮ ಹಾಟ್‌ಸ್ಪಾಟ್ ಹಚ್ರಿ!

ಕಾಕಾ: ಹಚ್ಚಿಕೋ ಅಪ್ಪಾ. ಉಳಿದ ತುಂಡಿಗೆ ಕೂಸು ಸಿಕ್ತು!