ಮಡಚದ ಚಾಕುವಿನ ಮೀಮಾಂಸೆ: ಚಿಕ್ಕೋಡಿ ಸೀಮೆಯ ವನವಾಸಿಗಳಿಗೆ ಒಂದು ಲಕ್ಷಣಗ್ರಂಥ

ಯಾವ ಶಾಸ್ತ್ರಗ್ರಂಥವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಯೇ ಮುಂದೆ ಹೋಗಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಈ ಪ್ರಬಂಧದ ವಿಷಯ, ಊರ ಹೊರಗೆ ಡೇರೆ ಹಾಕಿ ರಾತ್ರಿ ಕಳೆಯುವವನು ಸೊಂಟಕ್ಕೆ ಸಿಕ್ಕಿಸಿಕೊಳ್ಳತಕ್ಕ ಮಡಚದ ಚಾಕು. ಪ್ರಯೋಜನ, ಓದುಗನಿಗೆ ಕೆಲವು ಸಾವಿರ ರೂಪಾಯಿ ಉಳಿಯುವುದು. ಸಂಬಂಧ, ಕೊಳ್ಳುವವನ ಜೇಬಿಗೂ ಮಾರುವವನ ಜಾಹೀರಾತಿಗೂ ಅನಾದಿಯಿಂದ ಇರುವಂಥದ್ದು. ಅಧಿಕಾರಿ ಯಾರೆಂದರೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಎಲ್ಲಿಯಾದರೂ ವಾಸವಾಗಿದ್ದು, ಸ್ವೀಡನ್ನಿನ ಹಿಮದ ಕಾಡಿನಲ್ಲಿ ಗಡ್ಡದವನೊಬ್ಬ ಮರದ ಚಮಚ ಕೆತ್ತುವ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿ, ಅಂಥದೇ ಚಾಕು ತನಗೂ ಬೇಕೆಂದು ನಿದ್ದೆಗೆಟ್ಟ ಗೃಹಸ್ಥ. ಇವನಿಗಾಗಿ ನಮ್ಮ ಪ್ರತಿಜ್ಞೆ ಇಷ್ಟು: ಈ ಸೀಮೆಯಲ್ಲಿ ವನವಾಸಕ್ಕೆ ಯೋಗ್ಯವಾದ ಮಡಚದ ಚಾಕು ಒಂದೇ, ಅದು ಕಬ್ಬು ಕಡಿಯುವ ಕೊಯ್ತಾ. ಪ್ರತಿಜ್ಞೆ ಮಾಡಿದ ಮೇಲೆ ಸಾಧಿಸುವುದು ಶಾಸ್ತ್ರಕಾರನ ಕರ್ಮ.

ಮೊದಲು ಲಕ್ಷಣವಿಚಾರ. ಚಾಕುಪಂಡಿತರು ಒಪ್ಪಿಕೊಂಡಿರುವ ಲಕ್ಷಣಗಳು ಇವು: ಅಲಗು ಹಿಡಿಯೊಳಗೆ ಮಡಚಿ ಕೂರಬಾರದು, ಉದ್ದ ನಾಲ್ಕೈದು ಇಂಚು, ಬೆನ್ನಿನ ದಪ್ಪ ಮೂರು-ನಾಲ್ಕು ಮಿಲಿಮೀಟರು, ಅಲಗಿನ ಲೋಹ ಹಿಡಿಯ ಕೊನೆಯವರೆಗೂ ಹಾಯ್ದಿರಬೇಕು, ಬೆನ್ನಿನ ಅಂಚು ಚೌಕವಾಗಿದ್ದು, ಕಿಡಿ ಹೊಡೆಯುವ ಸಲಾಕೆಗೆ ಗೀರಿದರೆ ಬೆಂಕಿ ಹಾರಬೇಕು. ಈ ಮತಕ್ಕೆ ಪರಂಪರೆಯೂ ಉಂಟು. ‘ನೆಸ್‌ಮಕ್’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರಲ್ಲಿ ಪ್ರಕಟಿಸಿದ ‘ವುಡ್‌ಕ್ರಾಫ್ಟ್’ ಗ್ರಂಥದಲ್ಲಿ ಸಣ್ಣ ಕೊಡಲಿ, ತೆಳು ಅಲಗಿನ ಮಡಚದ ಚಾಕು, ಮಡಚುವ ಚಾಕು ಎಂಬ ತ್ರಿಮೂರ್ತಿಗಳನ್ನು ಪ್ರತಿಷ್ಠಾಪಿಸಿದ. ಆ ಮೂವರಲ್ಲಿ ಇಂದಿನ ಭಕ್ತರು ನಡುವಿನವನನ್ನು ಮಾತ್ರ ಗರ್ಭಗುಡಿಯಲ್ಲಿ ಉಳಿಸಿಕೊಂಡು ಉಳಿದಿಬ್ಬರನ್ನು ಪರಿವಾರ ದೇವತೆಗಳಾಗಿ ಮಾಡಿದ್ದಾರೆ. ಆದರೆ ‘ಮಡಚದಿರುವುದೇ ಲಕ್ಷಣ’ ಎಂದು ಹಿಡಿದರೆ ಅತಿವ್ಯಾಪ್ತಿದೋಷ ಬರುತ್ತದೆ. ಅಲಗು ಅಲುಗದಿರುವುದೇ ಶ್ರೇಷ್ಠತೆಯಾದರೆ, ಮಣೆಗೆ ಬಡಿದು ಕೂರಿಸಿರುವ ಈಳಿಗೆಯನ್ನು ಮೀರಿಸಿದ್ದು ಯಾವುದಿದೆ? ಬದನೆಕಾಯಿ ಅದರ ಬಳಿಗೆ ಬರಬೇಕೇ ಹೊರತು ಅದು ಬದನೆಕಾಯಿಯ ಬಳಿಗೆ ಹೋಗುವುದಿಲ್ಲ. ಈ ಸೀಮೆಯ ಅವ್ವಂದಿರು ಈಳಿಗೆಮಣೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತಿದ ದಾಖಲೆ ಇಲ್ಲವಾದ್ದರಿಂದ ಲಕ್ಷಣವನ್ನು ತಿದ್ದಬೇಕಾಗುತ್ತದೆ: ಮಡಚದಿದ್ದು, ಒಂದೇ ಕೈಯಲ್ಲಿ ಒಯ್ಯಬರುವಂಥದ್ದಾಗಿ, ಬಯಲಲ್ಲಿ ಬದುಕುವವನ ಎಲ್ಲ ಕೆಲಸಕ್ಕೂ ಒದಗುವುದೇ ವನವಾಸಿಯ ಚಾಕು. ಉದ್ದವೂ ದಪ್ಪವೂ ಲಕ್ಷಣವಲ್ಲ, ಬರೀ ವರ್ಣನೆ.

ಇನ್ನು ದೇಶವಿಚಾರ. ಚಾಕುವನ್ನು ಕಾಡಿನಿಂದ ಬೇರ್ಪಡಿಸಿ ವಿಚಾರಿಸಲಾಗದು. ಆದರೆ ಈ ಐದು ತಾಲೂಕುಗಳಲ್ಲಿ ಕಾಡೆಂಬುದು ಬಹುಮಟ್ಟಿಗೆ ಕಲ್ಪನಾವಸ್ತು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಎರೆಭೂಮಿಯಲ್ಲಿ ಬದುವಿಗೊಂದು ಬೇವು, ಹಳ್ಳದ ದಂಡೆಗೆ ಒಂದಿಷ್ಟು ಜಾಲಿ ಬಿಟ್ಟರೆ ಚಾಕುವಿಗೆ ಎದುರಾಳಿಯಾಗತಕ್ಕ ಮರ ಅಪರೂಪ. ನಿಜವಾದ ಕಾಡು ಬೇಕೆಂದವನು ನಿಪ್ಪಾಣಿಯಿಂದ ಪಶ್ಚಿಮಕ್ಕೆ ಹೋಗಿ ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ಮುಟ್ಟಬೇಕು, ಇಲ್ಲವೇ ದಕ್ಷಿಣಕ್ಕೆ ಇಳಿದು ಖಾನಾಪುರ ತಾಲೂಕಿನ ಭೀಮಗಡ ಸೇರಬೇಕು. ಎರಡೂ ವನ್ಯಜೀವಿ ಅಭಯಾರಣ್ಯಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನಂತೆ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಗುವಂತಿಲ್ಲ; ಆಯುಧವೆಂದರೇನು ಎಂಬ ವ್ಯಾಖ್ಯೆಯಲ್ಲಿ ಬಂದೂಕು, ಬಲೆ, ವಿಷಗಳ ಪಂಕ್ತಿಯಲ್ಲೇ ಚಾಕುವಿಗೂ ಎಲೆ ಹಾಕಿದ್ದಾರೆ. ಅಂದಮೇಲೆ ಕಾಡಿದ್ದಲ್ಲಿ ಚಾಕು ನಿಷಿದ್ಧ, ಚಾಕು ಸಲ್ಲುವಲ್ಲಿ ಕಾಡು ನಾಸ್ತಿ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಒಂದೇ: ಆಳೆತ್ತರ ಮೀರಿ ಬೆಳೆದು, ಒಳಹೊಕ್ಕವನಿಗೆ ದಿಕ್ಕು ತಪ್ಪಿಸಿ, ಹಂದಿಗೂ ಹಾವಿಗೂ ಆಶ್ರಯ ಕೊಟ್ಟು, ಚಾಕು ತಂದವನನ್ನು ತಡೆಯದೆ ಎದುರುಗೊಳ್ಳುವ ಅರಣ್ಯವೊಂದು ಈ ಸೀಮೆಯಲ್ಲಿ ಸಾವಿರಾರು ಎಕರೆ ಹಬ್ಬಿದೆ. ಅದಕ್ಕೆ ಜನ ಕಬ್ಬು ಎನ್ನುತ್ತಾರೆ. 1939ರಲ್ಲಿ ಹುಟ್ಟಿದ ಉಗಾರದ ಸಕ್ಕರೆ ಕಂಪನಿಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಎಲ್ಲರೂ ಈ ಅರಣ್ಯದ ಆಶ್ರಿತರೇ.

ಕಾನೂನೂ ಕೊಯ್ತಾದ ಪಕ್ಷದಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಖಡ್ಗ, ಭಲ್ಲೆ, ಕುಕ್ರಿಗಳ ಸಾಲಿನಲ್ಲಿ ಕೂರಿಸುತ್ತವೆ. ಆದರೆ ಅದೇ ಸಾಲಿನ ಕೊನೆಗೆ, ಮನೆಗೆಲಸಕ್ಕೆ, ಕೃಷಿಗೆ, ವಿಜ್ಞಾನಕ್ಕೆ, ಉದ್ಯಮಕ್ಕೆಂದು ಮಾಡಿದವನ್ನು ಬಿಟ್ಟು ಎಂಬ ವಿನಾಯಿತಿ ಇದೆ. ಹೀಗಾಗಿ ಚರ್ಮದ ಒರೆಯಲ್ಲಿ ಹತ್ತಿಂಚಿನ ‘ವನಶೂರ’ ಚಾಕು ಕಟ್ಟಿಕೊಂಡು ಬಸ್ಸು ಹತ್ತಿದವನು ಪೊಲೀಸರಿಗೆ ಭಾಷಣ ಮಾಡಬೇಕಾಗುತ್ತದೆ. ಹೊಲದ ದಾರಿಯಲ್ಲಿ ಕೊಯ್ತಾ ಹಿಡಿದು ಹೋಗುವವನನ್ನು ‘ಯಾರ ಹೊಲಕ್ಕ?’ ಎಂದಷ್ಟೇ ಕೇಳುತ್ತಾರೆ. ಯಾವ ಚಾಕುವಿನ ಒಡೆಯ ಕಡಿಮೆ ಮಾತಿನಲ್ಲಿ ಪಾರಾಗುತ್ತಾನೋ ಆ ಚಾಕು ಶ್ರೇಷ್ಠ ಎಂಬ ನ್ಯಾಯವನ್ನು ಇಲ್ಲಿ ಹೊಸದಾಗಿ ಸ್ಥಾಪಿಸಲಾಗಿದೆ.

ಮುಂದೆ ಲೋಹವಿಚಾರ. ಅಂಗಡಿಯ ಚಾಕುವಿನ ಪೆಟ್ಟಿಗೆಯ ಮೇಲೆ ಉಕ್ಕಿನ ಗೋತ್ರ-ಪ್ರವರ ಅಚ್ಚಾಗಿರುತ್ತದೆ. 1095 ಎಂದಿದ್ದರೆ ಸುಮಾರು ಶೇ. 0.95 ಇಂಗಾಲ, ಗಡಸುತನ ರಾಕ್‌ವೆಲ್ ಮಾಪನದಲ್ಲಿ 56ರಿಂದ 60. ಕೊಯ್ತಾದ ಗೋತ್ರ ಕೇಳಿದರೆ ಕಂಬಾರ ಗುಜರಿಗೆ ಬಿದ್ದ ಲಾರಿಯ ಕಡೆ ಕೈ ತೋರಿಸಬಹುದು. ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 0.5ರಿಂದ 0.6ರಷ್ಟು ಇಂಗಾಲ, ಜತೆಗೆ ತುಸು ಸಿಲಿಕಾನೋ ಕ್ರೋಮಿಯಮ್ಮೋ ಇರುತ್ತದೆ. ಬಾಗಿದರೂ ಮುರಿಯದ ಗುಣವನ್ನು ಅದು ಹೆದ್ದಾರಿಯ ತಗ್ಗುಗಳಲ್ಲಿ ಮೊದಲೇ ಸಾಧಿಸಿಕೊಂಡಿರುತ್ತದೆ. ಕುಲುಮೆಯಲ್ಲಿ ಅದನ್ನು ಕೆಂಪಗೆ ಕಾಸಿ, ತಟ್ಟಿ ರೂಪಕ್ಕೆ ತಂದು, ಮತ್ತೆ ಕಾಸಿ, ಬಾಯಿಯ ಅಂಚನ್ನಷ್ಟೇ ನೀರಿಗೆ ಅದ್ದುತ್ತಾರೆ. ಹೊರತೆಗೆದ ಕೂಡಲೇ ಅಂಚನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ನೋಡುತ್ತ ಕೂರುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಅಂಚಿನ ಕಡೆ ಇಳಿಯುವಾಗ ಲೋಹದ ಮೇಲೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯೆಂದರೆ ಸುಮಾರು 220-230 ಡಿಗ್ರಿ ಸೆಲ್ಸಿಯಸ್, ನೀಲಿಯೆಂದರೆ 300ರ ಆಸುಪಾಸು. ಹಳದಿಗೇ ನಿಲ್ಲಿಸಿದರೆ ಬಾಯಿ ಗಡಸಾದರೂ ಕಲ್ಲಿಗೆ ತಾಗಿ ಚಕ್ಕೆ ಹಾರುತ್ತದೆ. ನೀಲಿಗೆ ಬಿಟ್ಟರೆ ಕಸುವು ಬಂದು ಹರಿತ ಬೇಗ ಇಳಿಯುತ್ತದೆ. ನಡುವೆ ತನಗೆ ಬೇಕಾದ ಬಣ್ಣ ಬಾಯಿಗೆ ಬಂದ ಗಳಿಗೆಯಲ್ಲಿ ಕಂಬಾರ ಪೂರ್ತಿ ಮುಳುಗಿಸಿಬಿಡುತ್ತಾನೆ. ಪ್ರಯೋಗಾಲಯದ ವರದಿ ಇಲ್ಲವೆಂಬ ಕಾರಣಕ್ಕೆ ಇದನ್ನು ಅಪ್ರಮಾಣ ಎನ್ನುವವರು, ಕಣ್ಣಿಗೆ ಕಂಡದ್ದೇ ಪ್ರತ್ಯಕ್ಷವೆಂಬ ಮೂಲಪಾಠವನ್ನು ಮರೆತವರು.

ಕ್ರಿಯಾವಿಚಾರಕ್ಕೆ ಬಂದರೆ ಕೊಯ್ತಾದ ಪಾರಮ್ಯ ಇನ್ನೂ ಸ್ಪಷ್ಟ. ಎಡಗೈ ಜಲ್ಲೆಯನ್ನು ಹಿಡಿದು ತುಸು ವಾಲಿಸುತ್ತದೆ. ಬಲಗೈಯ ಏಟು ಬುಡಕ್ಕೆ, ನೆಲಕ್ಕಂಟಿದಂತೆ ಬೀಳುತ್ತದೆ. ಮೇಲೆ ಬಿದ್ದರೆ ಬೊಡ್ಡೆಯಲ್ಲಿ ಸಕ್ಕರೆ ಉಳಿದುಹೋಗುತ್ತದೆ, ಮುಂದಿನ ಕೂಳೆ ಕಬ್ಬಿನ ಚಿಗುರೂ ಸೊರಗುತ್ತದೆ. ಕಡಿದ ಜಲ್ಲೆಯ ಮೇಲೆ ಅಲಗನ್ನು ಜಾರಿಸಿ ರವದಿ ಕೆರೆಯುವುದು, ಎರಡು ಹೊಡೆತದಲ್ಲಿ ಬೇರು ಸವರುವುದು, ಒಂದು ಹೊಡೆತದಲ್ಲಿ ತುದಿಯ ಸೋಗೆ ಹಾರಿಸುವುದು, ಎಲ್ಲ ಮುಗಿಸಿ ಜಲ್ಲೆಯನ್ನು ರಾಶಿಗೆ ಎಸೆಯುವುದು, ಇದಿಷ್ಟೂ ಒಂದೇ ಅಲಗಿನ ಕೆಲಸ. ಸಂಜೆಗೆ ಅದೇ ಅಲಗು ಒಲೆಗೆ ಜಾಲಿಯ ಕೊರಡು ಸೀಳುತ್ತದೆ, ಗೂಟ ಚೂಪು ಮಾಡುತ್ತದೆ. ಪರದೇಶದ ಚಾಕುಪಂಡಿತರು ಚಾಕುವಿನ ಬೆನ್ನಿಗೆ ಕೋಲಿನಿಂದ ಬಡಿದು ಕಟ್ಟಿಗೆ ಸೀಳುವುದನ್ನು ಒಂದು ವಿದ್ಯೆಯಾಗಿ ಕಲಿಸುತ್ತಾರೆ. ಅಲಗು ಕಟ್ಟಿಗೆಗಿಂತ ಚಿಕ್ಕದಾದಾಗ ಮಾತ್ರ ಹುಟ್ಟುವ ವಿದ್ಯೆ ಅದು.

ಇನ್ನು ಪೂರ್ವಪಕ್ಷಗಳು. ಒಂದನೆಯವರು ಹೇಳುತ್ತಾರೆ: ತುಕ್ಕು ಹಿಡಿಯದ ಉಕ್ಕಿನಲ್ಲಿ ಶೇ. 10.5ಕ್ಕೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಇರುತ್ತದೆ, ಕೊಯ್ತಾದಲ್ಲಿ ಅಷ್ಟಿಲ್ಲ, ಆದ್ದರಿಂದ ಜಂಗು ಹಿಡಿಯುತ್ತದೆ. ಸಮಾಧಾನ: ಜಂಗು ಬಿಡುವಿನ ರೋಗ. ದಿನಾ ಮಸೆಗಲ್ಲು ಕಾಣುವ ಅಲಗಿಗೆ ಅದು ಅಂಟಲು ಪುರಸೊತ್ತು ಸಿಗುವುದಿಲ್ಲ. ವರ್ಷಕ್ಕೊಂದು ಭಾನುವಾರ ಒರೆಯಿಂದ ಹೊರಬರುವ ಚಾಕುವಿಗೆ ಕ್ರೋಮಿಯಂ ಬೇಕೇ ಬೇಕು. ಎರಡನೆಯವರು: ಕೊಯ್ತಾಕ್ಕೆ ಸೂಜಿಮೊನೆಯಿಲ್ಲ, ನವುರು ಕೆಲಸ ಆಗದು. ಇದು ನಿಜ, ಒಪ್ಪಿದೆವು. ಆದರೆ ನವುರು ಕೆಲಸಕ್ಕೂ ಹಡಗಿನಲ್ಲಿ ಚಾಕು ತರಿಸಬೇಕಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಲಾಪುರಿ ಚಪ್ಪಲಿಯ ತವರುಗಳಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿವೆ. ಅವುಗಳಲ್ಲಿ ಬೆಳಗಾವಿಯ ಅಥಣಿ, ನಿಪ್ಪಾಣಿಗಳದು ದೊಡ್ಡ ಹೆಸರು. ಅಲ್ಲಿ ದಪ್ಪ ತೊಗಲನ್ನು ಬೆಣ್ಣೆಯಂತೆ ಸೀಳುವ ರಂಪಿಗೆ ಮೂಲತಃ ಮಡಚದ ಚಾಕುವೇ. ಅದು ಕೂತು ಮಾಡುವ ಕಸುಬಿನದಾದ್ದರಿಂದ ಯಾರೂ ಅದನ್ನು ಸಾಹಸವೆಂದು ಕರೆದಿಲ್ಲ. ಮೂರನೆಯವರು: ಕೊಯ್ತಾದ ಬೆನ್ನಿಗೆ ಸಲಾಕೆ ಗೀರಿದರೆ ಕಿಡಿ ಸರಿಯಾಗಿ ಹಾರದು. ಇದನ್ನು ನಿಪ್ಪಾಣಿಯ ಆಸುಪಾಸಿನಲ್ಲಿ ಎತ್ತಬಾರದು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ತಾರ್ಕಿಕರ ಅನುಮಾನಕ್ಕೆ ಪರ್ವತವೇ ಬೇಕೆಂದಿಲ್ಲ. ಬೀಡಿ ತಂಬಾಕಿನ ಈ ನಾಡಿನಲ್ಲಿ ಕಟ್ಟೆಯ ಮೇಲೆ ಕೂತ ಯಾವ ಹಿರಿಯರ ಕಿಸೆಯೂ ಸಾಕು. ‘ಕಾಕಾ, ಕಡ್ಡಿಪೆಟ್ಟಿಗಿ ಐತೇನ್ರಿ?’ ಎಂಬ ಒಂದೇ ಮಾತಿಗೆ ಬೆಂಕಿ ಸಿದ್ಧ.

ನಾಲ್ಕನೆಯ ಆಕ್ಷೇಪ ಮಾತ್ರ ಬಲವಾದದ್ದು: ಕೊಯ್ತಾ ಹಿಡಿದವನು ದುಡಿಯುತ್ತಿದ್ದಾನೆ, ಕ್ಯಾಂಪಿಂಗ್ ಮಾಡುತ್ತಿಲ್ಲ; ಅವನ ಉಪಕರಣವನ್ನು ವಿಹಾರಿಯ ಉಪಕರಣದೊಡನೆ ತೂಗುವುದು ಅಕ್ರಮ. ಹಾಗಾದರೆ ವಿಹಾರದ ಲಕ್ಷಣಗಳನ್ನೇ ಒಂದೊಂದಾಗಿ ಪರೀಕ್ಷಿಸೋಣ. ಮನೆ ಬಿಟ್ಟು ದೂರ ಹೋಗುವುದು: ದೀಪಾವಳಿಯ ಆಜುಬಾಜು ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ನಮ್ಮ ವಿಜಯಪುರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಟ್ರ್ಯಾಕ್ಟರಿನಲ್ಲಿ ಈ ಸೀಮೆಗೆ ಬಂದಿಳಿಯುತ್ತವೆ. ತಾತ್ಕಾಲಿಕ ಸೂರು: ತಾಡಪತ್ರಿ, ಬಿದಿರು, ಕಬ್ಬಿನ ಸೋಗೆಯ ಗುಡಿಸಲು. ಮೂರು ಕಲ್ಲಿನ ಒಲೆ: ಇದೆ. ದೂರದಿಂದ ನೀರು ಹೊರುವುದು: ಧಾರಾಳವಾಗಿ ಇದೆ. ಸೂರ್ಯೋದಯದ ಮೊದಲೇ ಎದ್ದು ಪ್ರಕೃತಿಯೊಡನೆ ಬೆರೆಯುವುದು: ಚಳಿಗಾಲದ ಇಬ್ಬನಿಯಲ್ಲಿ, ರವದಿ ಕೈಗೆ ಗೀರುವಾಗ, ಬೆರೆಯದೆ ವಿಧಿಯಿಲ್ಲ. ಅವಧಿ: ವಿಹಾರಿಗೆ ಎರಡು ರಾತ್ರಿ, ಇವರಿಗೆ ನಾಲ್ಕೈದು ತಿಂಗಳು. ಎಲ್ಲ ಲಕ್ಷಣಗಳೂ ಹೊಂದಿದ ಮೇಲೆ ಭೇದವೆಲ್ಲಿ? ಪೂರ್ವಪಕ್ಷಿ ಹೇಳಬಹುದಾದ್ದು ಒಂದೇ: ವಿಹಾರಿ ತನ್ನ ಹಣ ಕೊಟ್ಟು ಕಷ್ಟಪಡುತ್ತಾನೆ, ಇವರು ಗ್ಯಾಂಗಿನ ಗುತ್ತಿಗೆದಾರನಾದ ಮುಕಾದಮನಿಂದ ಉಚಲ್ ಎಂಬ ಮುಂಗಡ ಪಡೆದು ಅದು ತೀರುವವರೆಗೆ ಕಷ್ಟಪಡುತ್ತಾರೆ. ವಿಹಾರಿಗೆ ಬೇಸರವಾದರೆ ಮನೆಗೆ ಹೋಗುತ್ತಾನೆ, ಇವರು ಒಂದು ದಿನ ತಪ್ಪಿಸಿದರೆ ದಂಡ ಲೆಕ್ಕಕ್ಕೆ ಏರುತ್ತದೆ. ಸರಿ, ಭೇದ ಸಿಕ್ಕಿತು. ಆದರೆ ಆ ಭೇದ ಉಚಲ್ ವಹಿಯಲ್ಲಿದೆ, ಅಲಗಿನಲ್ಲಿಲ್ಲ. ಚಾಕುವಿನ ಗುಣವನ್ನು ನಿರ್ಣಯಿಸಲು ಹೊರಟ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಮುಜುಗರ ಬೇರೆ ಇಲ್ಲ.

ಹಾಗಾಗಿ ಸಿದ್ಧಾಂತವನ್ನು ಪೂರ್ವಪಕ್ಷಿಯ ಮಾತಿನಿಂದಲೇ ಎತ್ತಿಕೊಳ್ಳಬೇಕು. ಚಾಕುಗ್ರಂಥಗಳು ಗುಣವೆಂದು ವರ್ಣಿಸುವುದೆಲ್ಲ, ಅಂದರೆ ಹಿಡಿಗೆ ಯಾವ ಮರ, ಒರೆಗೆ ಯಾವ ತೊಗಲು, ಬೆನ್ನಿಗೆ ಎಷ್ಟು ಮಿಲಿಮೀಟರು ಎಂಬುದೆಲ್ಲ, ಆರಿಸುವ ಬಿಡುವು ಉಳ್ಳವನ ಗುಣಗಳೇ. ಆ ಬಿಡುವು ಇರುವವನಿಗೆ ಚಾಕು ಅಂಥ ಅಗತ್ಯವಲ್ಲ, ಸೋತರೆ ಹೋಟೆಲ್ಲಿದೆ. ಚಾಕುವಿಲ್ಲದೆ ಆ ದಿನದ ಅನ್ನವಿಲ್ಲದವನು ಆರಿಸುವುದಿಲ್ಲ, ಸಂತೆಯಲ್ಲಿ ತೂಕ ನೋಡಿ ಕೊಂಡು ನಡೆಯುತ್ತಾನೆ. ಇದಕ್ಕೆ ಅಂತಿಮ ಪ್ರಮಾಣ ಗ್ಯಾಂಗಿನ ಲೆಕ್ಕದಲ್ಲೇ ಸಿಗುತ್ತದೆ. ಅಲ್ಲಿ ಗಂಡ-ಹೆಂಡತಿಯ ಜೋಡಿಯನ್ನು ಬರೆದುಕೊಳ್ಳುವುದು ‘ಒಂದು ಕೊಯ್ತಾ’ ಎಂದು. ಒಬ್ಬರೇ ಬಂದರೆ ‘ಅರ್ಧ ಕೊಯ್ತಾ’. ಸಂಗ್ರಹಕಾರರು ತಮ್ಮಲ್ಲಿರುವ ಚಾಕುಗಳನ್ನು ಎಣಿಸಿಕೊಂಡು ಹಿಗ್ಗುತ್ತಾರೆ. ಇಲ್ಲಿ ಚಾಕುವಿನಿಂದ ಮನುಷ್ಯರನ್ನು ಎಣಿಸುತ್ತಾರೆ. ಜಲ್ಲೆ ಕಡಿಯುವವನಷ್ಟೇ ಅಲ್ಲ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆ ಏರಿ ಟ್ರೇಲರಿಗೆ ತುಂಬುವವಳೂ ಒಂದೇ ಅಲಗಿನೊಳಗೆ ಅಡಗಿದ್ದಾಳೆ. ಲೋಹವು ಹಿಡಿಯ ಕೊನೆಯವರೆಗೂ ಹಾಯ್ದಿರಬೇಕೆಂಬ ಪಂಡಿತರ ಬೇಡಿಕೆಗೆ ಇದಕ್ಕಿಂತ ಪೂರ್ಣ ಉದಾಹರಣೆ ಸಿಗಲಿಕ್ಕಿಲ್ಲ.

ಇಷ್ಟಾದ ಮೇಲೂ ‘ಹಾಗಾದರೆ ನಾನೂ ಒಂದು ಕೊಯ್ತಾ ಕೊಳ್ಳಲೇ?’ ಎಂದು ಕೇಳುವ ಅಧಿಕಾರಿಗೆ ಉತ್ತರ: ಕೊಳ್ಳಬಹುದು, ಕೆಲವೇ ನೂರು ರೂಪಾಯಿ. ಆದರೆ ಗೋಡೆಗೆ ತೂಗುಹಾಕಿದರೆ ಅದೂ ಜಂಗು ಹಿಡಿಯುತ್ತದೆ, ಮತ್ತು ಒಂದನೆಯ ಪೂರ್ವಪಕ್ಷಿ ಗೆದ್ದಂತಾಗುತ್ತದೆ. ಇನ್ನು ಸಂಪ್ರದಾಯದಂತೆ ಫಲಶ್ರುತಿ. ಈ ಪ್ರಬಂಧವನ್ನು ಚಾಕು ಕೊಳ್ಳುವ ಮುಂಚೆ ಓದಿದವರಿಗೆ ಧನಲಾಭ. ಕೊಂಡ ಮೇಲೆ ಓದಿದವರಿಗೆ ವೈರಾಗ್ಯ. ಓದಿಯೂ ಇನ್ನೊಂದು ಕೊಂಡವರಿಗೆ ಮನೆಯಲ್ಲಿ ಸಹಸ್ರನಾಮ. ಹಂಗಾಮು ನಡೆದಿರುವಾಗ ಕೊಯ್ತಾ ಹಿಡಿದವರು ಇದನ್ನು ಓದಬೇಕಾಗಿಲ್ಲ. ಅವರಿಗೆ ಇದು ಗೊತ್ತಿದೆ. ಗೊತ್ತಿಲ್ಲದಿದ್ದರೂ, ಟ್ರ್ಯಾಕ್ಟರ್ ಬಂದು ನಿಂತಿದೆ.