ಪಿ.ಟಿ. ಮಾಸ್ತರರ ಶಿಟ್ಟಿ ಬಾಯಿಬಿಟ್ಟಿದೆ

ಮಹಾರಾಷ್ಟ್ರದ ಸೋಲಾಪುರದಿಂದ ಅಕ್ಕಲಕೋಟದ ಕಡೆ ಹೊರಟರೆ ಎಂಐಡಿಸಿ ಕೈಗಾರಿಕಾ ಪ್ರದೇಶ ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಚಾದರ, ಟವೆಲ್ ನೇಯುವ ಪವರ್‌ಲೂಮುಗಳ ಖಟಖಟ. ಆ ಸದ್ದಿನ ನಡುವೆ ಒಂದು ಹೈಸ್ಕೂಲು. ಅದರ ಆಟದ ಸಾಮಾನಿನ ಖೋಲಿಯಲ್ಲಿ, ಗಾಳಿ ಇಳಿದ ಫುಟ್‌ಬಾಲುಗಳ ಮೇಲೆ, ಮೊಳೆಗೆ ನೇತುಬಿದ್ದ ಒಂದು ಶಿಟ್ಟಿ, ಅಂದರೆ ಸೀಟಿ. ಶಾಲೆಯ ಹೆಸರು ಬರೆಯಕೂಡದು, ಹೆಡ್‌ಮಾಸ್ತರರ ನಿವೃತ್ತಿ ಹತ್ತಿರ ಬಂದಿದೆ ಎಂದು ಅದು ಮೊದಲೇ ಕರಾರು ಹಾಕಿತು. ಸಾಂಕ್ರಾಮಿಕ ರೋಗ ಹಬ್ಬಿದಾಗ ಹೈಸ್ಕೂಲು ಮಕ್ಕಳು ಫುಟ್‌ಬಾಲ್ ಆಡಬೇಕೇ ಬೇಡವೇ ಎಂಬ ಬಗ್ಗೆ ಡಾಕ್ಟರರು, ಮಂತ್ರಿಗಳು, ಪಾಲಕರು ಎಲ್ಲ ಹೇಳಿ ಮುಗಿಸಿದ್ದಾರೆ. ಆಟ ಶುರು ಮಾಡುವುದೂ ನಿಲ್ಲಿಸುವುದೂ ಯಾರ ಕಸುಬೋ ಅದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನಾನು: ನಮಸ್ಕಾರ ಶಿಟ್ಟಿಯವರೇ. ದನಿ ಯಾಕೋ ಒಡೆದಂತಿದೆ?

ಶಿಟ್ಟಿ: ಡೆಟಾಲ್ ಮಾಡಿದ ಕೆಲಸ ರೀ ಸಾಹೇಬ್ರ. ನನ್ನ ಹೊಟ್ಟ್ಯಾಗ ಬೂಚಿಂದೊಂದು ಸಣ್ಣ ಗುಂಡ ಅದ. ಅದು ಗಿರಗಿರ ತಿರುಗಿದ್ರ ನನ್ನ ದನಿ. 1884ರಾಗ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ ಅನ್ನಾಂವ ನಮ್ಮ ಮನೆತನದ ಹೊಟ್ಟ್ಯಾಗ ಈ ಗುಂಡ ಇಟ್ಟ. ಕೊರೊನಾ ಬಂದಾಗ ಮಾಸ್ತರ್ರು ಹೆದರಿ ನನ್ನ ರಾತ್ರಿಗಟ್ಲೆ ಡೆಟಾಲ್ ನೀರಾಗ ನೆನಿ ಹಾಕಿದ್ರು. ಬೂಚು ಉಬ್ಬಿ ಕುಂತದ. ಈಗ ಊದಿದ್ರ ‘ಫುಸ್’ ಅಂತೀನಿ. ಮಂದಿಗೆ ಕೊರೊನಾ ಬಂದು ಹೋತು, ನನಗ ಬರಲಾರದನ ಉಸಿರು ಕಟ್ಟಿತು.

ನಾನು: ಮಾಸ್ಕ್ ಹಾಕಿಕೊಳ್ಳಬಹುದಿತ್ತಲ್ಲ?

ಶಿಟ್ಟಿ: ನನಗ್ಯಾತರ ಮಾಸ್ಕ್ ರೀ! ನನ್ನ ಊದಬೇಕಂದ್ರ ಊದಾಂವನ ಮಾಸ್ಕ್ ಇಳಿಸಬೇಕು. ಅಮೆರಿಕಾದಾಗ ಗುಂಡಿ ಒತ್ತಿದ್ರ ಕೂಗೋ ಇಲೆಕ್ಟ್ರಾನಿಕ್ ಶಿಟ್ಟಿ ತಂದ್ರಂತ. ನಮ್ಮ ಮಾಸ್ತರ್ರೂ ಸಂಸ್ಥಾದವ್ರಿಗೆ ಅರ್ಜಿ ಕೊಟ್ರು. “ಮೊದಲ ಬಾಲಿಗೆ ಗಾಳಿ ತುಂಬಿಸ್ರಿ” ಅಂತ ಉತ್ತರ ಬಂತು. ಗಾಳಿ ಪಂಪಿನ ಸೂಜಿ ಕಳದು ಅದೆಷ್ಟೋ ವರ್ಷ ಆಗ್ಯಾವ. ನಮ್ಮ ಬಳಗದವ್ರಿಗೆ ಮಾತ್ರ ಆ ವರ್ಷ ಭಾರಿ ಡಿಮಾಂಡ್ ಇತ್ತು ನೋಡ್ರಿ. ಪೊಲೀಸರ ಕೊಳ್ಳಾಗಿನ ತಮ್ಮ ಚೌಕಿನಾಗ ಹಗಲೂ ರಾತ್ರಿ ಕೂಗಿದ. ಮನೀಮನಿ ಕುಕ್ಕರಿನಾಗಿನ ತಂಗಿ ಕೂಗಿದ್ಲು. ನಾ ಒಬ್ಬನ ಮೊಳಿಗೆ.

ನಾನು: ಅಮೆರಿಕದಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ಕೇಳಿದ್ದೀರಾ?

ಶಿಟ್ಟಿ: ಮಾಸ್ತರ್ರ ಫೋನಿನಾಗ ಎಲ್ಲಾ ನೋಡೀನ್ರಿ. ಅವರ ಫುಟ್‌ಬಾಲ್ ಅಂದ್ರ ಬಾಲ್ ಬಗಲಾಗ ಹಿಡಕೊಂಡು ಒಬ್ಬರ ಮ್ಯಾಲೊಬ್ಬರು ಬೀಳೂದು. ದೂರ ನಿಲ್ಲಬೇಕು ಅನ್ನೋ ಕಾಲಕ್ಕ ಹೇಳಿ ಮಾಡಿಸಿದಂಥ ಆಟ. ಯೂಟಾ ರಾಜ್ಯದಾಗ 2020ರ ಆಗಸ್ಟ್‌ದಾಗ ಆಡೇ ಬಿಟ್ರು. ಕ್ಯಾಲಿಫೋರ್ನಿಯಾದವ್ರು ಮುಂದಿನ ವರ್ಷಕ್ಕ ದೂಡಿದ್ರು. ಮಿಷಿಗನ್ನಿನವ್ರದು ಇನ್ನೂ ಛಂದ: ಆಗಸ್ಟ್ 14ಕ್ಕ “ಈಗ ಬ್ಯಾಡ, ಚಳಿಗಾಲ ಕಳದ ಮ್ಯಾಲ ನೋಡೋಣು” ಅಂದ್ರು. ಸೆಪ್ಟೆಂಬರ್ 3ಕ್ಕ “ಆಡ್ರಿ” ಅಂದ್ರು. ನಡುವ ಇಪ್ಪತ್ತು ದಿನದಾಗ ಕಡಿಮಿ ಆಗಿದ್ದು ರೋಗಲ್ಲ, ಪಾಲಕರ ಸಹನಿ.

ನಾನು: ನಮ್ಮ ಕಡೆ ಅಂಥ ಜಗಳ ಆಗಲಿಲ್ಲವೇ?

ಶಿಟ್ಟಿ: (ಗುಂಡು ಅಲುಗಾಡುವಷ್ಟು ನಕ್ಕು) ಜಗಳ ಆಗಬೇಕಂದ್ರ ಆಟ ಇರಬೇಕಲ್ರಿ. ಇಲ್ಲಿ ಯಾರೂ ಆಟ ನಿಲ್ಲಿಸಲಿಲ್ಲ. ನಿಲ್ಲಿಸೋದಕ್ಕೊಂದು ಆಟ ನಡೀಬೇಕು. ಹತ್ತನೆತ್ತಿ ಹುಡುಗರ ಪಿ.ಟಿ. ಪೀರಿಯಡ್ ಕೊರೊನಾ ಬರೋಕ್ಕಿಂತ ಮೊದಲ ಗಣಿತದ ಸರ್ ತಗೊಂಡಿದ್ರು. ಆ ಪೀರಿಯಡ್ಡಿಗೆ ಲಾಕ್‌ಡೌನ್ ಹಳೇದು. ಸುಬ್ರತೋ ಕಪ್ ಅಂತ ಅದ. 1960ರಿಂದ ನಡಕೋತ ಬಂದ ದೇಶದ ದೊಡ್ಡ ಸಾಲಿ ಫುಟ್‌ಬಾಲ್. 2020ಕ್ಕೂ ಇಲ್ಲ, 2021ಕ್ಕೂ ಇಲ್ಲ. ಒಬ್ಬ ಪಾಲಕ ಬಂದು “ಯಾಕ ಇಲ್ಲ?” ಅಂತ ಹೆಡ್‌ಮಾಸ್ತರ್ರ ಖೋಲಿ ಬಾಗಿಲ ಬಡದದ್ದು ನಾ ಕೇಳಲಿಲ್ಲ. ಒಬ್ಬರು ಬಂದಿದ್ರು, ಸುಳ್ಳ ಯಾಕ ಹೇಳ್ಲಿ. ರಾಜ್ಯಮಟ್ಟಕ್ಕ ಆಡಿದ್ರ ಹತ್ತನೆತ್ತಿಗೆ ಜಾಸ್ತಿ ಮಾರ್ಕು ಸಿಗ್ತಾವಲ್ಲ, ಅದು ಹೋತಲ್ಲ ಅಂತ ಸಂಕಟ ಪಟ್ಟು ಹೋದ್ರು. ಅವರ ಮಗ ಯಾವ ಆಟ ಆಡ್ತಾನ ಅಂತ ಮಾಸ್ತರ್ರು ಕೇಳಿದ್ರ ಅವರಿಗೆ ನೆನಪಾಗಲಿಲ್ಲ.

ನಾನು: ಹಾಗಾದರೆ ನಿಮ್ಮ ಅಭಿಪ್ರಾಯದಲ್ಲಿ ಆಡಿಸಬೇಕಿತ್ತು?

ಶಿಟ್ಟಿ: ನಾ ಹಂಗ ಅಂದೆನಾ? ಫೌಲ್ ಎರಡೂ ಕಡೆ ಊದೂದು ನನ್ನ ಧರ್ಮ. ಫ್ಲಾರಿಡಾದಾಗ 2020ರ ಡಿಸೆಂಬರ್‌ದಾಗ ಹೈಸ್ಕೂಲು ಹುಡುಗರ ಕುಸ್ತಿ ಇಟ್ರು. ಭಾಗವಹಿಸಿದ 130 ಜನದಾಗ 38 ಮಂದಿಗೆ ಸೋಂಕು. ಅವರ ಸಂಪರ್ಕಕ್ಕ ಬಂದ ದೊಡ್ಡವರೊಬ್ರು ಸತ್ತೇ ಹೋದ್ರು. ಕುಸ್ತಿಯೊಳಗ ಮೂಗಿಗೆ ಮೂಗು ತಾಗ್ತದ. ನಮ್ಮ ಕಬಡ್ಡಿ ಅಂತೂ ಕೇಳಬ್ಯಾಡ್ರಿ, ಎದುರಿನವನ ಮಾರಿ ಮ್ಯಾಲ ಉಸಿರು ಬಿಡೂದ ಅದರ ನಿಯಮ. ಫುಟ್‌ಬಾಲ್ ಬ್ಯಾರೆ. ಬಯಲಾಗ ಗಾಳಿ ಇರ್ತದ, ಹುಡುಗರು ಹರಕೊಂಡಿರ್ತಾರ. ನಮ್ಮ ಬಾಲಿನ ಹೆಸರು ಕೆಡಿಸಿದ್ದು ಗ್ಯಾಲರಿ. 2020ರ ಫೆಬ್ರುವರಿ 19ಕ್ಕ ಮಿಲಾನಿನಾಗ ಅಟಲಾಂಟಾ–ವೆಲೆನ್ಸಿಯಾ ಮ್ಯಾಚ್ ಆತಲ್ರಿ, ಬೆರ್ಗಾಮೊ ಊರಿನ ಸಾವಿರಾರು ಮಂದಿ ಬಸ್ ತುಂಬಿ ಹೋಗಿ, ಅಪ್ಪಿಕೊಂಡು ಕುಣಿದು ಬಂದ್ರು. ಮುಂದಿನ ತಿಂಗಳು ಬೆರ್ಗಾಮೊದಾಗ ಹೆಣ ಸುಡಲಿಕ್ಕೆ ಜಾಗಾ ಇರಲಿಲ್ಲ, ಮಿಲಿಟರಿ ಟ್ರಕ್ಕಿನಾಗ ಬ್ಯಾರೆ ಊರಿಗೆ ಒಯ್ದ್ರು.

ನಾನು: ನಿಮ್ಮ ಮ್ಯಾಚಿಗೆ ಗ್ಯಾಲರಿ ಎಷ್ಟು?

ಶಿಟ್ಟಿ: ಎರಡು ಆಡು, ಒಬ್ಬ ಚಹಾದಾಂವ. ಗ್ಯಾಲರಿದು ನಮಗ ಅಂಜಿಕಿ ಇಲ್ಲ. ಅಂಜಿಕಿ ಇದ್ದದ್ದು ಟಮ್‌ಟಮ್‌ದು. ತಾಲೂಕಾ ಮ್ಯಾಚಿಗೆ ಹೋಗೋ ಮುಂದ ಹನ್ನೊಂದು ಹುಡುಗರು, ಮೂರು ಎಕ್ಸ್‌ಟ್ರಾ, ಮಾಸ್ತರ್ರು, ಬಾಲಿನ ಚೀಲ, ಎಲ್ಲಾ ಒಂದ ಟಮ್‌ಟಮ್‌ನಾಗ. ಡ್ರೈವರನ ತೊಡಿ ಮ್ಯಾಲ ಗೋಲ್‌ಕೀಪರ್. ನೀರಿಗೆ ಒಂದ ಬಾಟಲಿ, ಎಲ್ಲರೂ ಬಾಯಿ ಹಚ್ಚೇ ಕುಡಿಯೋರು. ಮೈದಾನದಾಗ ಬರಲಾರದ್ದು ಅಲ್ಲಿ ಬರ್ತಿತ್ತು. ಹಂಗಂತ ಯಾರರ ಕುಂತು ವಿಚಾರ ಮಾಡಿದ್ರ, “ಮ್ಯಾಚ್ ಬ್ಯಾಡ, ಟಮ್‌ಟಮ್ ಬ್ಯಾಡ, ಸಾಲಿ ಬಯಲಾಗ ಎಂಟೆಂಟು ಹುಡುಗರನ ಓಡಿಸ್ರಿ, ಬಾಟಲಿ ಮನಿಯಿಂದ ತರ್ಲಿ” ಅಂತ ಒಂದು ಕಾಗದ ಬರಬಹುದಿತ್ತು. ಬರಲಿಲ್ಲ. 2020ರ ನವೆಂಬರ್ 23ಕ್ಕ ಒಂಬತ್ತರಿಂದ ಹನ್ನೆರಡನೆತ್ತಿವರೆಗೆ ಸಾಲಿ ತಗೀಬಹುದು ಅಂತ ಆದೇಶ ಆತು. ಬಾಗಲಾ ಬಂದ್ ಇರೋ ಖೋಲ್ಯಾಗ ಬೆಂಚಿಗೊಬ್ಬರು ಕೂಡಬಹುದು; ಗಾಳಿ ಇರೋ ಬಯಲಾಗ ಓಡಬಾರದು. ಇದು ಯಾವ ವಿಜ್ಞಾನ, ಗುಂಡ ಉಬ್ಬಿದ ತಲಿಗೆ ತಿಳೀಲಿಲ್ಲ.

ನಾನು: ಸರಕಾರಕ್ಕೂ ಕಷ್ಟವಿತ್ತಲ್ಲ. ಯಾವುದನ್ನು ಮೊದಲು ತೆರೆಯಬೇಕು, ಯಾವುದನ್ನು ಆಮೇಲೆ...

ಶಿಟ್ಟಿ: ಸಾಲು ನಾ ಹೇಳ್ತೀನಿ ಬರಕೋರಿ. ಮೊದಲ ಸೆರೆ ಅಂಗಡಿ, 2020ರ ಮೇ. ಆಮ್ಯಾಲ ನಮ್ಮ ಆಜೂಬಾಜೂ ಮಗ್ಗ. ಅದಕ್ಕ ನನ್ನ ತಕರಾರಿಲ್ಲ, ಮಗ್ಗ ನಿಂತ್ರ ನಮ್ಮ ಹುಡುಗರ ಮನ್ಯಾಗ ಒಲಿ ನಿಲ್ತದ. ಆಗಸ್ಟ್‌ಕ್ಕ ಮಾಲ್. ಸೆಪ್ಟೆಂಬರ್‌ಕ್ಕ ಐಪಿಎಲ್, ಅದೂ ದುಬೈ ಕಡೆ ವಿಮಾನದಾಗ ಹೋಗಿ. ನವೆಂಬರ್ 5ಕ್ಕ ಸಿನೆಮಾ ಥೇಟರ್. 16ಕ್ಕ ಗುಡಿ, ಅಕ್ಕಲಕೋಟ ಸ್ವಾಮಿ ಸಮರ್ಥರೂ ಮಂದಿಯ ಮಾರಿ ನೋಡಿದ್ರು. ಡಿಸೆಂಬರ್ 1ಕ್ಕ ಪುಣೆ ವಿಭಾಗದ ಪದವೀಧರ, ಶಿಕ್ಷಕ ಮತಕ್ಷೇತ್ರದ ಎಲೆಕ್ಷನ್. ಜನವರಿಯಾಗ ಸಿದ್ಧರಾಮೇಶ್ವರನ ಗಡ್ಡಾ ಜಾತ್ರಿಗೆ ಮಂದಿ ಸೇರಬಾರದು ಅಂದ್ರು, ಸಂಕ್ರಾಂತಿ ಮರುದಿನ, 15ಕ್ಕ, ಗ್ರಾಮ ಪಂಚಾಯ್ತಿ ವೋಟಿಂಗ್ ಇಟ್ರು.

ನಾನು: ಎರಡನೆಯ ಅಲೆಯ ಹೊತ್ತಿಗಾದರೂ...

ಶಿಟ್ಟಿ: ಅದನ್ನ ಕೇಳ್ರಿ. 2021ರ ಏಪ್ರಿಲ್. 14ನೇ ತಾರೀಖು ರಾತ್ರಿ ಎಂಟಕ್ಕ ರಾಜ್ಯಕ್ಕೆಲ್ಲಾ ಕಲಂ 144. ಐದು ಮಂದಿ ಕೂಡಿದ್ರ ಕೇಸು. ಅದ ಹೊತ್ತಿಗೆ ಮುಂಬಯಿ ವಾಂಖೇಡೆದಾಗ ಐಪಿಎಲ್. ಅಂಪಾಯರ್ ಸೇರಿಸಿ ಹದಿನೈದು ಮಂದಿ ನಡುಬಯಲಾಗ ನಿಂತಾರ! 17ಕ್ಕ ನಮ್ಮ ಜಿಲ್ಲಾದಾಗ ಪಂಢರಪುರ–ಮಂಗಳವೇಢಾ ಉಪಚುನಾವಣಿ. ಆ ಸೀಟು ಯಾಕ ಖಾಲಿ ಆಗಿತ್ತು ಗೊತ್ತದ ಏನ್ರಿ? ಶಾಸಕರು ಭಾರತ ಭಾಲ್ಕೆ ಕೊರೊನಾ ಬಂದು ಹೋದಮ್ಯಾಲಿನ ತ್ರಾಸಿನಾಗ 2020ರ ನವೆಂಬರ್‌ಕ್ಕ ತೀರಿಕೊಂಡಿದ್ರು. ರೋಗದಿಂದ ಖಾಲಿ ಆದ ಸೀಟು ತುಂಬಲಿಕ್ಕೆ ರೋಗದ ನಡುವ ಸಭಾ. ಅದಾಗಿ ಮೂರು ದಿನಕ್ಕ, 20ಕ್ಕ, ಹತ್ತನೆತ್ತಿ ಪರೀಕ್ಷಾ ರದ್ದು, ಹುಡುಗರ ಜೀವ ಮುಖ್ಯ ಅಂತ. ಖರೇನ ರೀ, ಹುಡುಗರ ಜೀವ ಮುಖ್ಯ. ಆದ್ರ ಹುಡುಗರಿಗೆ ವೋಟಿಲ್ಲ, ಟಿಕೆಟಿಲ್ಲ, ಸೆರಿ ಮ್ಯಾಲಿನ ತೆರಿಗಿ ಅವರು ಕೊಡೂದಿಲ್ಲ. ಅಮೆರಿಕಾದಾಗ ಹುಡುಗರ ಆಟಕ್ಕೂ ಟಿಕೆಟ್ ಅದ ನೋಡ್ರಿ, ಅದಕ್ಕ ಅಲ್ಲಿ ಜಗಳ ಆತು.

ನಾನು: ಆ ದಿನಗಳಲ್ಲಿ ನಿಮ್ಮ ಮಾಸ್ತರರು ಏನು ಮಾಡುತ್ತಿದ್ದರು?

ಶಿಟ್ಟಿ: ಮನೀಮನಿ ತಿರುಗಿದ್ರು. ‘ನನ್ನ ಕುಟುಂಬ, ನನ್ನ ಜವಾಬ್ದಾರಿ’ ಅಂತ 2020ರ ಸೆಪ್ಟೆಂಬರ್ 15ಕ್ಕ ಸರ್ವೇ ಶುರುವಾತಲ್ಲ, ಬೆರಳಿಗೆ ಚಿಮಟಿಗಿ ಹಾಕಿ ಆಕ್ಸಿಜನ್ ನೋಡೋದು. ಹುಡುಗರಿಗೆ “ಇನ್ನೊಂದು ರೌಂಡ್ ಓಡು” ಅಂತ ಉಸಿರು ಬೆಳೆಸಬೇಕಾದವ್ರು ಬೀಡಿ ಕಟ್ಟೋ ಅವ್ವಗಳ ಉಸಿರು ಎಣಿಸ್ಕೋತ ನಿಂತಿದ್ರು. ನನ್ನ ಕಿಸೆದಾಗ ಇಟ್ಕೊಂಡ ಹೋಗೋರು, ರೂಢಿ. ಅಲ್ಲೆಲ್ಲಾ ನಾ ನೋಡಿದೆ. ಹತ್ತು ಬೈ ಹತ್ತಿನ ಖೋಲಿ, ಅದರಾಗ ಏಳು ಮಂದಿ, ಮೂಲ್ಯಾಗ ತಂಬಾಕಿನ ಚೀಲ, ಆ ಚೀಲದ ಮ್ಯಾಲ ನಮ್ಮ ಸೆಂಟರ್ ಫಾರ್ವರ್ಡ್ ಕುಂತು ಎಲಿ ಕತ್ತರಿಸ್ತಿದ್ದ. ಅವನ ಮೈದಾನಕ್ಕ ಬಿಟ್ರ ರೋಗ ಬರ್ತದಂತ! ಅವನೂ ಮಾಸ್ತರ್ರ ಮಾರಿ ನೋಡಲಿಲ್ಲ, ಮಾಸ್ತರ್ರೂ ಅವನ ಬೆರಳಷ್ಟ ನೋಡಿ 98 ಅಂತ ಬರಕೊಂಡ್ರು.

ನಾನು: ಆನ್‌ಲೈನ್ ಪಾಠವಿತ್ತಲ್ಲ?

ಶಿಟ್ಟಿ: ಪಾಠಕ್ಕೇನ ನಮ್ಮ ಜಿಲ್ಲಾ ಜಗತ್ಪ್ರಸಿದ್ಧ ಬಿಡ್ರಿ. ಪರಿತೇವಾಡಿಯೊಳಗ ಕನ್ನಡ ಮಾತಾಡೋ ಹುಡುಗ್ಯಾರಿಗೆ ತಿಳೀಲಿ ಅಂತ ಪುಸ್ತಕಕ್ಕ ಕ್ಯೂಆರ್ ಕೋಡ್ ಹಚ್ಚಿದ ರಣಜಿತಸಿಂಹ ಡಿಸಲೆ ಗುರುಗಳಿಗೆ 2020ರ ಡಿಸೆಂಬರ್‌ದಾಗ ಹತ್ತು ಲಕ್ಷ ಡಾಲರಿನ ಜಾಗತಿಕ ಪ್ರಶಸ್ತಿ ಬಂತು. ಅರ್ಧಾ ರೊಕ್ಕ ಕಡೀ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಾಸ್ತರ್ರಿಗೆ ಹಂಚಿದ್ರು, ದೊಡ್ಡ ಮನಸು. ಪಾಠ ಫೋನಿನಾಗ ಹೊಕ್ಕಿತು, ಆಟ ಹೊಗಲಿಲ್ಲ. ನಮ್ಮ ಮಾಸ್ತರ್ರು ಸೂರ್ಯನಮಸ್ಕಾರದ ವಿಡಿಯೊ ಕಳಿಸಿದ್ರು. ಫೋನ್ ಅಪ್ಪನ ಕಡೆ, ಅಪ್ಪ ರಾತ್ರಿ ಪಾಳಿ ಮಗ್ಗದಾಗ. ಎರಡು ನೀಲಿ ಗೆರಿ ಬಿದ್ದವು. ನಮಸ್ಕಾರ ಮಾಡಿದ್ದು ಅಪ್ಪನೋ ಮಗನೋ ಸೂರ್ಯನ ಬಲ್ಲ.

ನಾನು: ಶಾಲೆ ಪೂರ್ತಿ ಶುರುವಾದ ಮೇಲೆ ಎಲ್ಲ ಮಕ್ಕಳೂ ಆಟಕ್ಕೆ ಮರಳಿದರೇ?

ಶಿಟ್ಟಿ: ಸೆಂಟರ್ ಫಾರ್ವರ್ಡ್ ಟವೆಲ್ ಕಾರಖಾನ್ಯಾಗ ಪ್ಯಾಕಿಂಗಿಗೆ ಹೋಗ್ತಾನ. ಖೋ-ಖೋ ಟೀಮಿನ ಒಬ್ಬಾಕಿ ಹತ್ತನೆತ್ತಿ ಮಾರ್ಕ್‌ಶೀಟ್ ಒಯ್ಯಲಿಕ್ಕೆ ಬಂದಾಗ ಕಾಲುಂಗುರ ಇದ್ವು. ಪರೀಕ್ಷಾ ರದ್ದಾದ ಆ ವರ್ಷ ರಾಜ್ಯದಾಗ ನೂರಕ್ಕ 99.95 ಪಾಸು, ಆಕಿನೂ ಪಾಸು. ಮಾಸ್ತರ್ರು ಪೇಡೆ ತಗೊಂಡ್ರು, ತಿನ್ನಲಿಲ್ಲ. ಅದನ್ನ ಬರೀಬ್ಯಾಡ್ರಿ. ಬರದ್ರೂ ಬರೀರಿ.

ನಾನು: ಕಡೆಯ ಪ್ರಶ್ನೆ. ಮತ್ತೊಂದು ಸಾಂಕ್ರಾಮಿಕ ಬಂದರೆ ಹೈಸ್ಕೂಲು ಫುಟ್‌ಬಾಲ್ ಆಡಬೇಕೇ, ಬೇಡವೇ?

ಶಿಟ್ಟಿ: ಅದನ್ನ ಈಗ ಯಾಕ ಕೇಳ್ತೀರಿ, ಈಗ ಯಾವ ಸಾಂಕ್ರಾಮಿಕ ಅದ? ಹೊರಗ ನೋಡ್ರಿ, ಬಯಲಾಗ ಯಾರರ ಅದಾರ?

ನಾನು: ಇಲ್ಲ. ಆದರೆ ಗೋಡೆಯ ಮೇಲಿನ ಟೈಮ್‌ಟೇಬಲ್ ಪ್ರಕಾರ ಈಗ ಒಂಬತ್ತನೆಯವರಿಗೆ ಪಿ.ಟಿ. ಇದೆ.

ಶಿಟ್ಟಿ: ಅದರಿ, ಟೈಮ್‌ಟೇಬಲ್‌ದಾಗ ಅದ. ಮಾಸ್ತರ್ರು ಮತದಾರರ ಯಾದಿ ತಗೊಂಡು ಕುಂಭಾರಿ ಕಡೆ ಹೋಗ್ಯಾರ. ಗಣಿತದ ಸರ್ ಪೋರ್ಷನ್ ಮುಗಿಸ್ಲಿಕ್ಕೆ ಹತ್ಯಾರ. ನೀವು ಹೋಗೋ ಮುಂದ ಬಾಗಿಲ ಎಳಕೊಂಡು ಹೋಗ್ರಿ, ಆ ಆಡು ಒಳಗ ಬಂದು ಗೋಲ್ ನೆಟ್ ತಿಂತಾವ. ಮತ್ತ ಬರೋದಿದ್ರ ಪಂಪಿನ ಸೂಜಿ ಒಂದು ತರ್ರಿ, ನವಿ ಪೇಠದಾಗ ಸಿಗ್ತಾವ.