ಬೋರ್ಡು ಗಟ್ಟಿಮುಟ್ಟಾಗಿದೆ

ನಮ್ಮ ಆಸ್ಪತ್ರೆಗಳಲ್ಲಿ ಸುರಕ್ಷತೆಗೆ ಕೊರತೆಯೇ ಇಲ್ಲ. ನಂಬದಿದ್ದರೆ ಗೋಡೆ ನೋಡಿ. ಕೈ ಯಾವಾಗ ಯಾವಾಗ ತೊಳೆಯಬೇಕೆಂದು ಬಣ್ಣದ ಚಿತ್ರವಿದೆ. ಕೆಳಗಿನ ನಲ್ಲಿಯಲ್ಲಿ ನೀರು ಬಂದರೆ ತೊಳೆಯಬಹುದು. ಹಳದಿ, ಕೆಂಪು, ನೀಲಿ, ಬಿಳಿ ಕಸದ ಡಬ್ಬಗಳಿಗೆ ಇನ್ಸ್‌ಪೆಕ್ಷನ್‌ನ ಹಿಂದಿನ ದಿನ ಅಭ್ಯಂಜನವೂ ಆಗುತ್ತದೆ. ‘ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ’ ಎಂಬ ಬೋರ್ಡು ಸೂಜಿ ಕತ್ತರಿಸುವ ಹಬ್ ಕಟರಿನ ನೆತ್ತಿಯ ಮೇಲೇ ಇದೆ. ಕಟರ್ ಕೆಟ್ಟಿದೆ. ಬೋರ್ಡು ಗಟ್ಟಿಮುಟ್ಟಾಗಿದೆ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ 3 ಹಾಸಿಗೆಗೆ, ಉಳಿದ ಆಸ್ಪತ್ರೆಯ 5 ಹಾಸಿಗೆಗೆ ಒಬ್ಬ ನರ್ಸ್ ಇರಬೇಕು. ನೈಟ್ ಡ್ಯೂಟಿಯ ಹೊತ್ತಿಗೆ ವಾರ್ಡಿಗೆ ಹೋಗಿ, ಗಣಿತ ಬದಲಾಗಿರುತ್ತದೆ. ಒಂದು ಕಡೆ ಡ್ರಿಪ್ ಮುಗಿದಿದೆ, ಇನ್ನೊಂದು ಕಡೆ ಅಜ್ಜ ಕ್ಯಾನುಲಾ ಕಿತ್ತುಕೊಂಡು ರಕ್ತ ಸುರಿಸುತ್ತಿದ್ದಾರೆ. ಅಷ್ಟರಲ್ಲಿ ರೋಗಿಯ ಕಡೆಯವರೊಬ್ಬರು, “ಏನ್ ಸಿಸ್ಟರ್, ಎಷ್ಟು ಸಲ ಕರೀಬೇಕು? ಎಮ್ಮೆಲ್ಲೆ ನಮ್ಮೋರೇ, ಗೊತ್ತಾ?” ಎನ್ನುತ್ತಾರೆ. ಈ ಗಡಿಬಿಡಿಯಲ್ಲಿ ಸಿಸ್ಟರ್ ಸೂಜಿಗೆ ಮುಚ್ಚಳ ಹಾಕಲು ಹೋಗಿ ಅದು ಗ್ಲೌಸ್ ತೂರಿ ಹೆಬ್ಬೆರಳಿಗೆ ಹೊಕ್ಕರೆ ತಪ್ಪು ಯಾರದು? ಸಿಸ್ಟರದೇ. ಟ್ರೈನಿಂಗ್ ಕೊಟ್ಟಿದ್ದೇವಲ್ಲ, ರಿಜಿಸ್ಟರಿನಲ್ಲಿ ಸಹಿ ಇದೆ.

ವಿಚಾರಣೆಯ ಮೊದಲ ಪ್ರಶ್ನೆ: “ಯಾರಿಗೂ ಹೇಳಿಲ್ಲ ತಾನೆ?” ರೋಗಿಗೆ ಎಚ್‌ಐವಿ ಇದ್ದರೆ ಸಿಸ್ಟರಿಗೆ ತಡೆ ಮಾತ್ರೆ ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ವರದಿ ಬರೆದ ಕಾಗದ ಇನ್‌ಚಾರ್ಜಿನಿಂದ ಮೇಟ್ರನ್ನಿಗೆ, ಮೇಟ್ರನ್ನಿನಿಂದ ಸೂಪರಿಂಟೆಂಡೆಂಟಿಗೆ ಏರುತ್ತಿರುತ್ತದೆ. ಕಾಗದಕ್ಕೇನು, ಅದಕ್ಕೆ ರೋಗ ತಗಲುವುದಿಲ್ಲ.

ಅಂದಹಾಗೆ, ಎಲ್ಲರೂ ಹೆದರುವ ಎಚ್‌ಐವಿ ಇಂಥ ಚುಚ್ಚಿನಿಂದ ತಗಲುವುದು ಸಾವಿರಕ್ಕೆ ಸುಮಾರು 3 ಬಾರಿ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 30ರವರೆಗೂ ತಗಲಬಲ್ಲದು. ಆಸ್ಪತ್ರೆ ಸಿಬ್ಬಂದಿಗೆ ಆ ಲಸಿಕೆ ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವೇ ಹೇಳುತ್ತದೆ. ಆದರೆ ಕಾಂಟ್ರ್ಯಾಕ್ಟ್ ನೌಕರರ ಹತ್ತಿರ ವೈರಸ್ ಸುಳಿಯುವುದಿಲ್ಲ ಎಂಬುದು ಕೆಲವು ಆಡಳಿತ ಮಂಡಳಿಗಳ ದೃಢ ನಂಬಿಕೆ.

ಮೇ 12ರ ನರ್ಸ್ ದಿನಾಚರಣೆಗೆ ಮಾತ್ರ ಯಾವ ಲೋಪವೂ ಇಲ್ಲ. ದೀಪ, ಕೇಕು, ತಲೆಗೊಂದು ಗುಲಾಬಿ, “ನೀವು ಬಿಳಿ ಬಟ್ಟೆಯ ದೇವತೆಗಳು” ಎಂಬ ಭಾಷಣ. ದೇವತೆಗಳೆಂದರೆ ಅನುಕೂಲ, ಓವರ್‌ಟೈಮ್ ಕೇಳುವುದಿಲ್ಲ.

ಮಾನ್ಯ ಆಡಳಿತಾಧಿಕಾರಿಗಳೇ, ಮುಂದಿನ ಸಲ ಗುಲಾಬಿ ಬಿಡಿ. ಲಸಿಕೆಯ ಮೂರು ಡೋಸು ಪೂರ್ತಿ ಹಾಕಿಸಿ, ಕಟರ್ ರಿಪೇರಿ ಮಾಡಿಸಿ, ರಾತ್ರಿಗೆ ಇನ್ನೊಬ್ಬ ಸಿಸ್ಟರನ್ನು ಕೊಡಿ. ಭಾಷಣ ಎಷ್ಟು ಹೊತ್ತಾದರೂ ಮಾಡಿಕೊಳ್ಳಿ, ಕೂತು ಕೇಳುತ್ತೇವೆ.